ಇಂದು ನಮ್ಮ ಮನೆಯಲ್ಲಿ ಹಬ್ಬವಿದೆ

ಮಿತಿಲಿನಿ
೧೩ ಡಿಸೆಂಬರ್ ೧೯೩೭

ನನ್ನ ಸ್ತ್ರಾತಿಗೆ,

ನೂರ್ಕಾಲ ಬಾಳು. ಇವತ್ತು ನಿನ್ನ ಹೆಸರಿನ ಸಂತನ ದಿನ. ಗಡೀಪಾರು ಮಾಡಿಟ್ಟಿರುವ ಆ ಬೋಳು ದ್ವೀಪದಲ್ಲಿ ನಿನಗೆ ಯಾರಾದರೂ ಈ ಮಾತು ಹೇಳಿದರೋ ಇಲ್ಲವೋ. ನಿನಗಿಂತ ಮೊದಲು ಈ ಕಾಗದ ಓದುವ ಸೆನ್ಸಾರ್ ಮಹಾಶಯರೂ ಚೆನ್ನಾಗಿರಲಿ, ಅವರಿಗೂ ಒಬ್ಬಳು ಹೆಂಡತಿ ಇದ್ದಾಳು.

ಹೋದ ವಾರ ಪಕ್ಕದ ಮನೆಯ ಮೆರ್ಸಿನಾ ಬಂದಿದ್ದಳು. 'ಈ ವರ್ಷ ಹಬ್ಬವಿಲ್ಲ, ಯಾರನ್ನೂ ಬರಮಾಡಿಕೊಳ್ಳುವುದಿಲ್ಲ' ಎಂದು ಪತ್ರಿಕೆಯಲ್ಲಿ ಎರಡು ಸಾಲು ಹಾಕಿಸಿಬಿಡು ಎಂದಳು. "ಪೊಲೀಸರ ಭಯಕ್ಕೆ ಹೇಗೂ ಒಂದು ನರಪಿಳ್ಳೆ ಬರೋದಿಲ್ಲ ಕಣೇ. ಬಾಗಿಲು ತೆಗೆದಿಟ್ಟು ಮರ್ಯಾದೆ ಯಾಕೆ ಕಳ್ಕೋತೀಯ?" ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅದು ಸಾವಾದ ಮನೆಯವರು ಹಾಕಿಸುವ ಸಾಲು. ನಾನು ಹಾಕಿಸಲಿಲ್ಲ.

ಬೆಳಿಗ್ಗೆ ಎದ್ದವಳೇ, ಹೆಸರಿನ ಹಬ್ಬಕ್ಕೆ ಕರೆಯದೆಯೇ ಬರುವವರಿಗೆಂದು ಬಾಗಿಲು ಹಾರುಹೊಡೆದಿಟ್ಟೆ. ಕಿತ್ತಳೆ ಸಿಪ್ಪೆಯ ಮುರಬ್ಬ, ಬಾದಾಮಿ ಮಿಠಾಯಿ, ಕುಡಿಯಲು ಊಜೋ ಮದ್ಯ ಎಲ್ಲ ಮೇಜಿನ ಮೇಲಿತ್ತು. ನೀನು ಸಂಸತ್ತಿನ ಸದಸ್ಯನಾಗಿದ್ದಾಗ ಈ ದಿನ ಬೀದಿಯವರೆಗೂ ಜನ ನಿಲ್ಲುತ್ತಿದ್ದರು. ನೀನು ಮಾತ್ರ ಅಡುಗೆಮನೆಗೆ ನುಸುಳಿ ಹೊಸ ಪದ್ಯ ಕೇಳು ಎಂದು ನನ್ನನ್ನು ಪೀಡಿಸುತ್ತಿದ್ದೆ. ಈಗಲೂ ಊರಿನವರು ನಿನ್ನ ಪದ್ಯ ಗುನುಗುತ್ತಾರೆ, ನಮ್ಮ ಮನೆ ಹತ್ತಿರ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತಾರೆ.

ಮಧ್ಯಾಹ್ನದವರೆಗೆ ಯಾರೂ ಇಲ್ಲ. ಆಮೇಲೆ ಬಂದವನು ಯಾರು ಗೊತ್ತೇ? ಎದುರಿನ ಅಂಜೂರದ ಮರದಡಿ ನಿಂತು ನಮ್ಮ ಮನೆ ಕಾಯುವ ಪೇದೆ ಪನಾಗೋಸ್! ಪಾಪ, ಹೆಸರಿನ ಹಬ್ಬದ ದಿನ ತೆರೆದ ಬಾಗಿಲು ದಾಟಿ ಹೋಗಲು ಅವನಿಗೂ ಮನಸ್ಸಾಗಲಿಲ್ಲ. ಟೋಪಿ ತೆಗೆದು ಶುಭ ಕೋರಿ, ಮುರಬ್ಬದ ಬಟ್ಟಲು ಬಳಿದು ತಿಂದು, ಜೇಬಿನಿಂದ ಆ ಅಚ್ಚು ಹಾಕಿದ ಹಾಳೆ ತೆಗೆದ. 'ನನ್ನ ವಿಚಾರಗಳೆಲ್ಲ ತಪ್ಪು, ಅವನ್ನು ಬಿಟ್ಟಿದ್ದೇನೆ' ಎಂದು ಗಡೀಪಾರಾದವರು ರುಜು ಹಾಕಬೇಕಾದ ಹಾಳೆ.

"ಅಮ್ಮಾ, ಯಜಮಾನ್ರಿಗೆ ನೀವೊಂದು ಮಾತು ಬರೀರಿ. ರುಜು ಹಾಕಿದ್ರೆ ಕ್ರಿಸ್‌ಮಸ್‌ಗೆ ಮನೇಲಿರ್ತಾರೆ. ಪೇಪರಲ್ಲಿ ಹೆಸರು ಒಂದಿನ ಬರುತ್ತೆ, ಮಾರನೇ ದಿನ ಅದ್ರಲ್ಲೇ ಮೀನು ಕಟ್ತಾರೆ."

ಕೆಟ್ಟವನಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ. ನೀನೂ ಹೋದ ಕಾಗದದಲ್ಲಿ ಅದನ್ನೇ ಕೇಳಿದ್ದೆಯಲ್ಲ, ರುಜು ಹಾಕಲೋ ಬೇಡವೋ ನೀನೇ ಹೇಳು ಎಂದು. ನನ್ನ ಗಂಡನ ಕೈ ಅವನದು, ನನ್ನದಲ್ಲ ಎಂದು ಪನಾಗೋಸನ ಬಾಯಿ ಮುಚ್ಚಿಸಿದೆ. ನನ್ನ ಜೋರು ನೀನು ನೋಡಬೇಕಿತ್ತು.

ತಮಾಷೆ ಕೇಳು. ಅವನು ಹೊರಗೆ ಹೋದದ್ದೇ ತಡ, ಪೊಲೀಸಿನವನೇ ತಿಂದು ಹೋದ ಮೇಲೆ ನಮಗೇನು ಎಂದುಕೊಂಡು ಮೆರ್ಸಿನಾ ಬಂದಳು. ಅವಳ ಹಿಂದೆ ಇಡೀ ಬೀದಿ ಬಂತು. ಮಿಠಾಯಿ ಒಂದು ಚೂರೂ ಉಳಿಯಲಿಲ್ಲ. ನಿನ್ನ ಪದ್ಯವನ್ನು ಮೆಲುದನಿಯಲ್ಲಿ ಹಾಡಿದರು. ಎಲ್ಲರೂ ಹೋದ ಮೇಲೆ ಒಬ್ಬಳೇ ಲೋಟ ತೊಳೆದೆ, ಹೊಸ ಪದ್ಯ ಕೇಳು ಅನ್ನುವವನಿರಲಿಲ್ಲ. ನೀನು ಬೇಕು ಸ್ತ್ರಾತಿ, ಬೇರೇನೂ ಬೇಡ.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಹಾಕಿಕೋ.

ಸದಾ ನಿನ್ನವಳು,
ಎವಾಂಥಿಯಾ

ಮರೆತ ಮಾತು: ಪತ್ರಿಕೆಯಲ್ಲಿ ಬರುವ, ರುಜು ಹಾಕಿದವರ ಹೆಸರುಗಳನ್ನು ದಿನವೂ ಅಂಗಡಿಯಲ್ಲೇ ನಿಂತು ಓದುತ್ತೇನೆ. ನಿನ್ನ ಹೆಸರು ಇಲ್ಲದ್ದು ಕಂಡು ಮೊದಲು ಅಳು ಬರುತ್ತದೆ, ಹೆಮ್ಮೆ ಬರುವುದು ಆಮೇಲೆ. ಒಂದು ದಿನವಾದರೂ ಹೆಮ್ಮೆ ಮೊದಲು ಬಂದಿಲ್ಲ. ಅದಕ್ಕೇ ಹೇಳುವುದು, ನನ್ನನ್ನು ಕೇಳಬೇಡ.