ಬರೀ ನಂಬರಾದ ಅವ್ವ

ಹೂಳೂರು
ಹೂಳು ವರ್ಷ ನಲವತ್ತು, ಎರಡನೇ ಬೇಸಿಗೆ
(ನಿಮ್ಮ ಲೆಕ್ಕದಲ್ಲಿ 2140)

ಪಂಪಾಪತಿ ಅಜ್ಜನಿಗೆ,

ನಾನು ದುರುಗಿ. ನಿನ್ನ ಮಗಳ ಮೊಮ್ಮಗಳ ಮೊಮ್ಮಗಳು. ಹಿಂದಿನವರಿಗೆ ಕಾಗದ ಬರೆಯುವಾಗ, ನಮ್ಮ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು ಅಂತ ಮೊದಲು ಬರೆಯುವುದು ಪದ್ಧತಿ. ಬರೆದಿದ್ದೇನೆ. ನನ್ನ ಕಡೆಯ ಕ್ಷಮೆ ಇಷ್ಟೇ. ಇನ್ನು ಬರಬೇಕಾದದ್ದು ನಿನ್ನ ಕಡೆಯಿಂದ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ನಯವಾಗಿ ಬರೆಯಲು ಬರುವುದಿಲ್ಲ.

ನಾನಿರುವ ಜಾಗ ನಿನಗೆ ಗೊತ್ತು. ಹೊಸಪೇಟೆಯಿಂದ ಸಂಜೆ ಹೊತ್ತು ಡ್ಯಾಮಿಗೆ ಬಂದು ನೀರು ನೋಡುತ್ತಾ ನಿಲ್ಲುತ್ತಿದ್ದೆಯಲ್ಲ, ಆ ನೀರಿದ್ದ ಕಡೆಯೇ ಈಗ ನಮ್ಮ ಊರು. ಹೂಳು ತುಂಬಿ ತುಂಬಿ ಡ್ಯಾಮು ಹೊಲವಾಯಿತು. ಹೊಳೆ ಒಂದು ಮಗ್ಗುಲಿಗೆ ಸರಿದು, ಗೋಡೆಯ ನೆತ್ತಿ ದಾಟಿ ಆಚೆ ಬೀಳುತ್ತದೆ. ಮಳೆಗಾಲಕ್ಕೊಮ್ಮೆ ಮನೆಗಳು ಸ್ವಲ್ಪ ಕುಸಿಯುತ್ತವೆ, ನಾವು ಹೊಸ್ತಿಲು ಎತ್ತರಿಸಿಕೊಳ್ಳುತ್ತೇವೆ. ಬಿಸಿಲು ಏರಿದ ಮೇಲೆ ನೆರಳುಹೊತ್ತು. ಅಂದರೆ ಬಿಸಿಲು ಇಳಿಯುವ ತನಕ ಯಾರೂ ಹೊರಗೆ ಕಾಲಿಡದ ಹೊತ್ತು. ಅದಕ್ಕೆ ಮುಂಚೆ ನಾನು ಹೂಳುಬಂಡಿ ಎಳೆಯುತ್ತೇನೆ. ಅದಕ್ಕೆ ಚಕ್ರ ಇಲ್ಲ, ಕೆಸರಿನ ಮೇಲೆ ಜಾರುವ ಅಗಲವಾದ ಹಲಗೆ ಅಷ್ಟೇ. ಹಗ್ಗದ ಒಂದು ತುದಿ ನನ್ನ ಹೆಗಲ ಮೇಲೆ, ಇನ್ನೊಂದು ಕೊಟ್ರಿಯ ಹೆಗಲ ಮೇಲೆ. ಕೊಟ್ರಿ ಪಕ್ಕದ ಮನೆಯವಳು, ನನ್ನ ವಾರಿಗೆಯವಳು, ನಿನ್ನ ಗೆಳೆಯ ಟೇಲರ್ ಗಾದೆಪ್ಪನ ವಂಶದವಳು. ಅವಳನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಊರಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ದನಿಗೂಡು ಇರುತ್ತದೆ. ಹಿರೀಕರ ದನಿ ಕೇಳಿಸುವ ಪೆಟ್ಟಿಗೆ ಅದು. ಕೂಸಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ದಿನ, ಆ ಮನೆಯ ಹಿಂದಿನ ಕಾಲದ ಒಬ್ಬ ಹೆಂಗಸಿನ ಜೋಗುಳ ದನಿಗೂಡಿನಿಂದ ಬರಬೇಕು. ಅದು ಮುಗಿಯುತ್ತಲೇ ಮನೆಯವರೆಲ್ಲ ಓ ಅನ್ನಬೇಕು. ಸ್ವಂತ ದನಿ ಇಲ್ಲದ ಮನೆಯವರು ಬೇರೆಯವರ ದನಿ ಕಡ ತರಬಹುದು. ಆದರೆ ಯಾರ ದನಿಯೋ ಆ ಮನೆಯವರೇ ಕೂಸನ್ನು ಮೊದಲು ಎತ್ತಿಕೊಳ್ಳುತ್ತಾರೆ. ನನ್ನನ್ನು ಮೊದಲು ಎತ್ತಿಕೊಂಡದ್ದು ಕೊಟ್ರಿಯ ಅವ್ವ. ನನ್ನ ಅಕ್ಕ ಹುಲಿಗೆಮ್ಮನನ್ನೂ ಅವಳೇ. ನಮ್ಮವ್ವ ಪಕ್ಕದಲ್ಲಿ ಕೈಚಾಚಿಕೊಂಡು ನಿಂತಿದ್ದಳಂತೆ. ಈಗ ಹುಲಿಗೆಮ್ಮನಿಗೆ ಕೂಸು ಹುಟ್ಟಿದೆ. ಬರುವ ಶುಕ್ರವಾರ ತೊಟ್ಟಿಲು.

ನಮ್ಮ ಮನೆಯಲ್ಲಿ ದನಿಗೇನು ಬರವೇ? ಇಡೀ ಹೂಳೂರಿನಲ್ಲಿ ಇಷ್ಟು ದನಿ ಯಾರ ಹತ್ತಿರವೂ ಇಲ್ಲ. ಮೊಬೈಲ್ ರಿಪೇರಿಗೆ ಅಂತ ನಿನ್ನ ಅಂಗಡಿಗೆ ಬಂದ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಚಹಾ ಕುಡಿಸಿ, ಹಾಡಿಸಿ, ಫೋನಿನಲ್ಲಿ ತುಂಬಿಕೊಂಡೆ. ಬೀಸುವ ಪದ, ಸೋಬಾನೆ, ಸಂತೆಯ ಕೂಗು, ಬೈಗುಳ ಕೂಡ. ಒಂದೊಂದೂ ಸ್ವಚ್ಛವಾಗಿ ಕೇಳುತ್ತದೆ. ಒಂದರ ಮೇಲೂ ಹೆಸರಿಲ್ಲ. ಬರೀ ನಂಬರು.

ಯಾರ ದನಿ ಅಂತ ತಿಳಿಯುವುದು ಒಂದೇ ಒಂದರಲ್ಲಿ, ನೀನು ಗಾದೆಪ್ಪನ ಹೆಸರು ಹಿಡಿದು ಮಾತಾಡಿದ್ದರಲ್ಲಿ. ನಿನ್ನ ಹಾಗೆ ಅವನೂ ದನಿ ಕೂಡಿಡುತ್ತಿದ್ದ. ಫೋನು ಆನ್ ಆಗಿದ್ದದ್ದನ್ನು ನೀನು ಮರೆತಿದ್ದೆ ಅಂತ ಕಾಣುತ್ತದೆ. ಹಿಂದೆ ಹೊಲಿಗೆ ಮಿಷನ್ ಸದ್ದು. ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ ನಿಮ್ಮಿಬ್ಬರ ಉಸಿರು ಕೂಡ ನನಗೆ ಬಾಯಿಪಾಠ.

"ಗಾದೆಪ್ಪಾ, ಇಲ್ನೋಡೋ ಮಾರಾಯ. ಪಟ್ಟಿ ಮಾಡಾಕ ಡೇಟಾಬೇಸ್ ಸಿಕ್ತು, ಬಿಟ್ಟೀನ ಐತಿ. ಒಂದೊಂದು ದನಿಗೂ ಒಂದೊಂದು ಬಣ್ಣದ ಡಬ್ಬಿ. ಒತ್ತಿದ್ರ ಫೋಟೊ ಬರ್ತೈತಿ, ಮ್ಯಾಪ್ ಬರ್ತೈತಿ."

"ನಂದೂ ಬಿಟ್ಟೀನ ಐತಿ. ನೋಡಾಕ ಮಾತ್ರ ಕಂದಾಯ ಆಫೀಸಿನ ರಿಜಿಸ್ಟರ್ ಇದ್ದಂಗ ಐತಿ."

"ಥೂ, ಏನ್ ಮಾರಿ ಅದರದು!"

"ಮಾರಿ ನೋಡಿ ಮದಿವಿ ಆಗ್ಬೇಕೇನು? ಇದರಾಗ ಹಾಕಿದ್ದು ಬ್ಯಾರೆ ಯಾವುದರಾಗಾದ್ರೂ ತಗದು ಓದಬೌದಂತ. ನಿಂದು?"

"ನಂದು ಕಂಪ್ನಿಯವರ ಕಡೇನ ಇರ್ತೈತಿ. ನಾವು ಕಾಯೋದ ಬ್ಯಾಡ."

"ಕಂಪ್ನಿ ಬಾಗ್ಲ ಹಾಕಿದ್ರ?"

"ಅಷ್ಟ್ ದೊಡ್ಡ ಕಂಪ್ನಿ ಯಾಕ ಬಾಗ್ಲ ಹಾಕ್ತೈತಲೇ? ಫೈಲಿಗೆ ನಂಬರ್ ಹಾಕಿದ್ರ ಸಾಕು, ಹೆಸರು ಗಿಸರು ಎಲ್ಲಾ ಅದ ನೋಡ್ಕೊಂತೈತಿ. ನಾಳೆ ಕುಂತು ಎಲ್ಲಾ ಹಾಕ್ತೀನಿ. ನಮ್ಮವ್ವನ ಜೋಗುಳ ಸೈತ ಐತಿ. ನೀ ಗುಂಡಿ ಹಚ್ಚು ಹೋಗು."

ನೀನು ನಗುತ್ತೀಯ. ಗಾದೆಪ್ಪನೂ ನಗುತ್ತಾನೆ. ಮುಂದೆ ಕಂಪನಿ ಬಾಗಿಲು ಹಾಕಿತು.

ಬಾಗಿಲು ಹಾಕುವ ಮೊದಲು ಅವರು ಎಲ್ಲರ ಪಟ್ಟಿಯನ್ನೂ ಒಂದೊಂದು ಫೈಲ್ ಮಾಡಿ ವಾಪಸ್ ಕೊಟ್ಟರಂತೆ. ಆ ಫೈಲ್ ನಮ್ಮ ಮನೆಯಲ್ಲಿ ಭದ್ರವಾಗಿದೆ. ಅದು ತೆರೆಯುವುದು ಅವರ ಸಾಫ್ಟ್‌ವೇರ್‌ನಲ್ಲಿ ಮಾತ್ರ, ಆ ಸಾಫ್ಟ್‌ವೇರ್ ಈಗ ಭೂಮಿಯ ಮೇಲೇ ಇಲ್ಲ. ಬಳ್ಳಾರಿಯಲ್ಲಿ ಒಬ್ಬ ಬಿಚ್ಚುಗಾರ ಇದ್ದಾನೆ. ಹಳೆಯ ಫೈಲ್ ಬಿಚ್ಚಿ ಓದಿಕೊಡುವುದೇ ಅವನ ಕಸುಬು. ನಿಮ್ಮ ಕಾಲದ ಈ ಪದಗಳನ್ನೆಲ್ಲ ನಾನು ಕಲಿತದ್ದು ಅವನಿಂದಲೇ. ನಡೆದುಕೊಂಡು ಹೋಗಿ ಅವನ ಮುಂದೆ ಫೈಲ್ ಇಟ್ಟೆ. ಬೆಳಗಿನಿಂದ ತಡಕಾಡಿ ಕೊನೆಗೆ ಕೈ ಕೊಡವಿದ. "ತಂಗೀ, ಪೆಟಗಿ ಐತಿ, ಬೀಗ ಐತಿ. ಬೀಗ ಮಾಡಿದ ಊರ ಇಲ್ಲ. ನಿಮ್ಮಜ್ಜಿ ಒಳಗ ಇರೋದು ಖರೇ, ತಗಿಯಾಕ ಬರಂಗಿಲ್ಲ." ಗಾದೆಪ್ಪನ ಫೈಲ್ ಹೇಗೆ ತೆರೆಯಿತು ಅಂತ ಕೇಳಿದೆ. "ಅದಕ್ಕ ನಾನ ಬೇಕಾಗಿಲ್ಲಬೇ. ಅಕ್ಷರ ಬಂದೋರು ಯಾರು ಬೇಕಾದ್ರೂ ಓದಬೌದು," ಅಂದ. ಅವನ ಅಂಗಡಿಯಲ್ಲಿ ಒದೆಯಲು ಏನೂ ಸಿಗಲಿಲ್ಲ, ಹೊರಗೆ ಬಂದು ಮೈಲಿಗಲ್ಲು ಒದ್ದೆ. ಕಾಲು ಬಾತುಕೊಂಡಿತು.

ಗಾದೆಪ್ಪ ಇಟ್ಟದ್ದು ನಲವತ್ತೇ ದನಿ. ಅದರಲ್ಲಿ ಅರ್ಧ ಬರೀ ಗೊರಗೊರ. ಆದರೆ ‘ಯಂಕಮ್ಮ, ನನ್ನ ಅವ್ವ, ಕಂಪ್ಲಿಯವಳು, ಜೋಗುಳ’ ಅಂತ ಒಂದು ಸಾಲು ಬರೆದಿಟ್ಟ. ಆ ಒಂದು ಸಾಲಿನಿಂದ ಕೊಟ್ರಿ ಇವತ್ತು ತಲೆ ಎತ್ತಿ ನಡೆಯುತ್ತಾಳೆ. ಮೊನ್ನೆ ಬಂಡಿ ಎಳೆಯುವಾಗ ಅವಳೇ ಮಾತು ತೆಗೆದಳು.

"ಯಾಕಲೇ ದುರುಗಿ, ಮಾರಿ ಹಿಂಗ ಮಾಡಿ? ಶುಕ್ರವಾರ ನಮ್ಮ ಯಂಕಮ್ಮಜ್ಜಿ ದನಿ ತರ್ತೀನಿ ಬಿಡು. ಕೂಸಿಗೆ ಕುಂಚಿಗಿ ಸೈತ ಹೊಲಿಸೀನಿ."

"ಬ್ಯಾಡ."

"ಬ್ಯಾಡಂದ್ರ? ಮತ್ತ ಯಾರ ದನಿ ಹಾಕ್ತಿ, ಕತ್ತೇದಾ?"

"ನಿಂದ ಹಾಕಿದ್ರೂ ಅದ ಬಂತು, ಎಳಿ ಸುಮ್ಕ."

ಅವಳು ಬಿದ್ದು ಬಿದ್ದು ನಕ್ಕಳು. ಕೊಟ್ರಿ ಒಳ್ಳೆಯವಳು ಅಜ್ಜ. ಅದೇ ನನಗೆ ಆಗಿಬರದ್ದು. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ನಿನ್ನ ದನಿಗಳಲ್ಲಿ ಜೋಗುಳ ಮೂವತ್ತರ ಮೇಲಿವೆ. ಅವುಗಳಲ್ಲಿ ಒಂದು ನಿನ್ನ ಅವ್ವನದು. ಒಬ್ಬಳು ನಡುನಡುವೆ ಕೆಮ್ಮುತ್ತಾಳೆ. ಒಬ್ಬಳು ಯಾರಿಗೋ ಹಾಲು ಉಕ್ಕಿತು ನೋಡೇ ಅಂತ ಹೇಳಿ ಮತ್ತೆ ಹಾಡುತ್ತಾಳೆ. ಒಬ್ಬಳು ಸಾಲು ಮರೆತು ನಗುತ್ತಾಳೆ. ನಗುವವಳು ನಮ್ಮವಳಾಗಿರಲಿ ಅಂತ ನನ್ನ ಆಸೆ. ಹಾಗಂತ ಸುಳ್ಳು ಹೇಳಿ ಅವಳನ್ನೇ ಹಾಕಿಬಿಡೋಣ ಅಂದರೆ ಹುಲಿಗೆಮ್ಮ ಒಪ್ಪಲಿಲ್ಲ. "ಮಂದಿ ಅವ್ವಗ ನಾ ಓ ಅಂದ್ರ, ನಮ್ಮ ಖರೇ ಅಜ್ಜಿ ಎಲ್ಲಿದ್ದರೂ ಕೇಳಿಸ್ಕೊಂತಾಳ," ಅಂದು ಕೂಸನ್ನು ಎದೆಗೆ ಒತ್ತಿಕೊಂಡಳು.

ನಿನ್ನ ಮೇಲೂ ನನಗೆ ಹೊಟ್ಟೆಕಿಚ್ಚಿದೆ. ನಿನಗೆ ಬಿಟ್ಟಿಯಾಗಿ ಒಂದಲ್ಲ, ಹತ್ತಾರು ಸಾಫ್ಟ್‌ವೇರ್ ಸಿಗುತ್ತಿದ್ದವು. ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಕೂತು ಆರಿಸಿದೆ. ನಮಗೆ ಆರಿಸುವ ಸುಖ ಅಂದರೆ ಏನು ಅಂತಲೇ ಗೊತ್ತಿಲ್ಲ, ಜಿಲ್ಲೆಯವರು ಕೊಟ್ಟದ್ದನ್ನು ಹಾಕಿಕೊಳ್ಳುತ್ತೇವೆ. ನಿನ್ನ ಅವ್ವ ನಿನ್ನ ಎದುರಿಗೇ ಕೂತಿದ್ದಳು. ಮಿಕ್ಕವರ ಹೆಸರು ಬೇಕಾದರೆ ಬಾಯಿ ತೆರೆದು ಕೇಳಬಹುದಿತ್ತು. ಇಷ್ಟೆಲ್ಲ ಇದ್ದವನು ನೀನು ನೋಡಿದ್ದು ಬಣ್ಣ.

ಈಗ ಕೇಳು. ನೀನು ನಾಳೆ ಅಂದೆಯಲ್ಲ, ಆ ನಾಳೆ ಆಗುವ ಮುಂಚೆ ಈ ಕಾಗದ ನಿನಗೆ ಮುಟ್ಟಬೇಕು. ನಮ್ಮಲ್ಲಿ ಹಿಂದಿನವರ ಕಾಗದವನ್ನು ಅವರ ವರ್ಷದ ಪದರಕ್ಕೆ ಇಡುತ್ತಾರೆ. ಹೂಳಿನಲ್ಲಿ ವರ್ಷಕ್ಕೊಂದು ಪದರ ಇರುತ್ತದೆ, ನಿನ್ನದು ಬಾವಿ ತೋಡಿದಷ್ಟು ಕೆಳಗಿದೆ. ತೋಡುತ್ತಿದ್ದೇನೆ. ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ಮುಟ್ಟಿದರೆ ಮೊದಲು ಆ ಚೆಂದದ್ದನ್ನು ಬಿಡು. ಗಾದೆಪ್ಪನ ಹತ್ತಿರ ಇರುವ ಕುರೂಪಿಯನ್ನೇ ಹಾಕಿಕೋ. ಅದರ ಒಳಗನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ರಿಪೇರಿ ಮಾಡಬಹುದು, ಮಾಡಿದವರು ಸತ್ತರೂ ಅದು ಸಾಯುವುದಿಲ್ಲ. ಹಾಕಿದ್ದನ್ನು ಆಗಾಗ ಬರೀ ಅಕ್ಷರದ ಫೈಲಾಗಿ ಹೊರಗೆ ತೆಗೆದು ದನಿಗಳ ಪಕ್ಕದಲ್ಲೇ ಇಡು. ಫೈಲಿನ ತಲೆಯ ಮೇಲೆ ನಂಬರಿನ ಜೊತೆ ಹೆಸರನ್ನೂ ಬರೆ. ಹಾಡಿದವಳು ಯಾರು, ಯಾರ ಮಗಳು, ಯಾವ ಊರು. ಇಷ್ಟು ಸಾಕು. ಮ್ಯಾಪು ಬೇಡ. ಮೊದಲು ನಿನ್ನ ಅವ್ವನಿಂದ ಶುರು ಮಾಡು. ಅವಳ ಹೆಸರು ಏನು ಅಂತ ಕೂಡ ನಮಗೆ ಗೊತ್ತಿಲ್ಲ ಅಜ್ಜ.

ಇನ್ನೊಂದು ಮಾತಿದೆ. ಗಾದೆಪ್ಪನಿಗೆ ಆ ಬಣ್ಣದ ಡಬ್ಬಿಯದನ್ನು ಹಾಕಿಸಿಕೊಡು. ಅದೇ ಒಳ್ಳೆಯದು ಅಂತ ನಂಬಿಸು, ನಿನಗೆ ಮಾತು ಬರುತ್ತದೆ. ಇದನ್ನು ಬರೆದು ಮತ್ತೊಮ್ಮೆ ಓದಿದೆ. ಕೆಟ್ಟ ಮಾತು ಅಂತ ಗೊತ್ತಿದೆ, ಆದರೂ ಹೊಡೆದುಹಾಕುವುದಿಲ್ಲ. ಕೊಟ್ರಿಯ ಮನೆಯಲ್ಲಿ ತೊಟ್ಟಿಲು ಕಟ್ಟಿದ ದಿನ ಅವಳ ಕೂಸನ್ನು ಮೊದಲು ನಾನು ಎತ್ತಿಕೊಳ್ಳಬೇಕು, ಅವಳು ಪಕ್ಕದಲ್ಲಿ ಕೈಚಾಚಿಕೊಂಡು ನಿಂತಿರಬೇಕು. ದನಿ ಕೊಡುವುದಿಲ್ಲ ಅನ್ನುವಷ್ಟು ಸಣ್ಣವಳಲ್ಲ ನಾನು. ಕೊಡುತ್ತೇನೆ. ಆದರೆ ಅವಳು ನಮ್ಮ ಹೊಸ್ತಿಲ ತನಕ ಬಂದು, ದುರುಗೀ, ನಿಮ್ಮಜ್ಜಿ ದನಿ ಒಂದೀಟು ಕೊಡಲೇ ಅಂತ ಬಾಯಿ ಬಿಟ್ಟು ಕೇಳಬೇಕು.

ದುರುಗಿ