ಅಮ್ಮ ಬೇಡ ಅಂದಳು

ವೇಲಚೇರಿ, ಚೆನ್ನೈ
೧೪ ಜುಲೈ ೨೦೨೫, ಸೋಮವಾರ

ಚಿ. ಸೌ. ಸುಮೇಧಾ,

ನಿನಗೂ ನಿನ್ನ ಮಡಿಲಲ್ಲಿರುವ ಪುಟ್ಟಿಗೂ ಅತ್ತೆಯ ಆಶೀರ್ವಾದ. ಮೈ ಹೇಗಿದೆ? ಸೊಂಟನೋವು ಕಡಿಮೆಯಾಯಿತೇ? ಎದ್ದು ಓಡಾಡಲು ಶುರುಮಾಡಿದ್ದೀಯಂತೆ, ಕೇಳಿ ಸಮಾಧಾನವಾಯಿತು. ಹಾಗೆಂದು ಬಗ್ಗಿ ಬಕೆಟ್ ಎತ್ತಬೇಡ. ನಾನು ಕಳಿಸಿದ ಅಂಟಿನುಂಡೆ ಡಬ್ಬಿಯಲ್ಲೇ ಉಳಿದಿದ್ದರೆ ನಿನ್ನ ತಮ್ಮನಿಗಾದರೂ ಕೊಡು. ಬೆಲ್ಲ ಹೆಚ್ಚಾಯಿತೆಂದು ನನಗೇ ಗೊತ್ತು. ಪುಟ್ಟಿ ಸಂಜೆ ಹೊತ್ತು ಅಳುವುದು ಹೊಟ್ಟೆಗಲ್ಲ, ಸೆಕೆಗೆ ಇರಬೇಕು. ಅವಳಪ್ಪನೂ ಹಾಗೆಯೇ ಅಳುತ್ತಿದ್ದ, ಫ್ಯಾನಿನ ಕೆಳಗೆ ಮಲಗಿಸಿದರೆ ಸುಮ್ಮನಾಗುತ್ತಿದ್ದ. ಈಗ ಅವನನ್ನು ಯಾವುದರ ಕೆಳಗೆ ಮಲಗಿಸಿದರೂ ಸುಮ್ಮನಾಗಿಸಲು ಆಗುವುದಿಲ್ಲ. ಆ ಮಾತು ಆಮೇಲೆ.

ಕೈಯಲ್ಲಿ ಫೋನಿರುವಾಗ ಅತ್ತೆ ಯಾಕೆ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿದ್ದಾಳೆ ಎಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ನಾವಿಬ್ಬರೇ ಮಾತಾಡಿದ್ದು ಯಾವಾಗ, ಹೇಳು. ಇತ್ತ ನಿನ್ನ ಗಂಡ ಸತ್ಯಾತ್ಮ ಸ್ಪೀಕರ್ ಹಾಕುತ್ತಾನೆ, ಅತ್ತ ನಿಮ್ಮಮ್ಮ ಹಾಕುತ್ತಾರೆ, ನಡುವೆ ಪುಟ್ಟಿ ಅಳುತ್ತಾಳೆ. ಮೆಸೇಜು ಬರೆಯೋಣವೆಂದರೆ ನನ್ನ ಫೋನಿಗೆ ರೀಚಾರ್ಜ್ ಮಾಡುವವನೂ ಅವನೇ, ನಾನು ಕನ್ನಡಕ ಹುಡುಕುತ್ತಿರುವಾಗ ಬಂದದ್ದನ್ನು ಓದಿ ಹೇಳುವವನೂ ಅವನೇ. ಅಂಟಿಸಿದ ಲಕೋಟೆಗೆ ಇನ್ನೂ ಒಂದಿಷ್ಟು ಮರ್ಯಾದೆ ಉಳಿದಿದೆ. ಇದನ್ನು ಒಬ್ಬಳೇ ಕೂತು ಓದು.

ಕಳೆದ ಗುರುವಾರ ನಿಮ್ಮಮ್ಮನಿಗೆ ಫೋನ್ ಮಾಡಿದ್ದೆ. ಕೆಲವು ದಿನಗಳಿಂದ ನೀನು ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ‘ಆಮೇಲೆ ಮಾಡ್ತೀನಿ ಅತ್ತೆ, ಮಗು ಎದ್ದಿದೆ’ ಎಂದು ಇಟ್ಟುಬಿಡುತ್ತಿದ್ದೆ. ಬಾಣಂತಿಯ ಆಯಾಸ ಎಂದುಕೊಂಡೆ. ಜಯಲಕ್ಷ್ಮಮ್ಮನವರು ಒಳ್ಳೆಯವರು, ಆದರೆ ಮನಸ್ಸಿನಲ್ಲಿರುವುದನ್ನು ಬಹಳ ಹೊತ್ತು ಇಟ್ಟುಕೊಳ್ಳಲಾರರು. ಹೊಸಪೇಟೆಯ ಮಳೆ, ತುಂಗಭದ್ರೆಯ ನೀರು ಎಲ್ಲ ಆದಮೇಲೆ ಅಂದೇಬಿಟ್ಟರು: ‘ಹೋಗ್ಲಿ ಬಿಡ್ರಿ ನೀರಜಮ್ಮಾರೆ. ನಿಮಗ ಮನಸ್ಸಿಲ್ಲ ಅಂದಮ್ಯಾಲ ಆಕಿ ಯಾಕ ನೌಕರಿ ಮಾಡ್ಬೇಕು? ಇಂಟರ್‌ನೆಟ್ಟನ್ನ ಕಿತ್ತಿಸಿಬಿಟ್ರಂತ. ಆ ಡಬ್ಬಿ ಶಾಖ ಕೂಸಿಗೆ ಆಗಂಗಿಲ್ಲ ಅಂದ್ರಂತ. ಹಿರೇರು ಅಂದಮ್ಯಾಲ ಮುಗೀತು. ಆಕಿ ರಾಜೀನಾಮಿ ಬರದಿಟ್ಟಾಳ, ಕಳಸೋದೊಂದ ಬಾಕಿ.’

ಒಲೆಯ ಮೇಲಿನ ಸಾರು ಉಕ್ಕಿ ಹರಿದದ್ದು ನನಗೆ ಗೊತ್ತಾಗಲಿಲ್ಲ. ನನ್ನ ಕಾಗದ ಬರುವವರೆಗೆ ಅದನ್ನು ಕಳಿಸಬಾರದೆಂದು ಅವಳಿಗೆ ಹೇಳಿ, ಎಂದಷ್ಟೇ ಹೇಳಿ ಇಟ್ಟೆ.

ಸುಮೇಧಾ, ಆ ಮಾತು ನಾನು ಆಡಿಲ್ಲ. ಒಂದಕ್ಷರವೂ ಆಡಿಲ್ಲ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಮೇ ತಿಂಗಳಲ್ಲಿ ನಮ್ಮ ಬೀದಿಯನ್ನು ಮಳೆನೀರಿನ ಕಾಲುವೆಗೆಂದು ಮತ್ತೆ ಅಗೆದರು. ಇಲ್ಲೆಲ್ಲ ಕೆರೆಯಿದ್ದ ಕಾಲದಲ್ಲಿ ನೀರಿಗೆ ತಾನು ಎಲ್ಲಿ ನಿಲ್ಲಬೇಕೆಂದು ಗೊತ್ತಿತ್ತು. ಅದರ ಮೇಲೆ ಫ್ಲ್ಯಾಟು ಕಟ್ಟಿ ಮಾರಿದವರು ಈಗ ಯಾವ ಎತ್ತರದ ಜಾಗದಲ್ಲಿದ್ದಾರೋ, ನಾವು ಮಾತ್ರ ಪ್ರತಿ ವರ್ಷ ಹಲಗೆಯ ಮೇಲೆ ಹಳ್ಳ ದಾಟಿ ತರಕಾರಿ ತರುತ್ತೇವೆ. ಅಗೆಯುವ ಯಂತ್ರ ನಮ್ಮ ಬ್ರಾಡ್‌ಬ್ಯಾಂಡಿನ ತಂತಿಯನ್ನೂ ತುಂಡರಿಸಿತು. ಕಂಪನಿಗೆ ಫೋನ್ ಮಾಡಿದರೆ ಅಲ್ಲಿಯೂ ಯಂತ್ರವೇ. ತಮಿಳಿಗೆ ಇದನ್ನು ಒತ್ತಿ, ಹಿಂದಿಗೆ ಅದನ್ನು ಒತ್ತಿ. ಸಿಟ್ಟಿಗೆ ಯಾವುದನ್ನು ಒತ್ತಬೇಕೆಂದು ಹೇಳುವುದಿಲ್ಲ. ನಿಮ್ಮ ದೂರು ಬಗೆಹರಿದಿದೆ ಎಂದು ಮೆಸೇಜು ಬಂದ ದಿನವೂ ತಂತಿ ಹಳ್ಳದಲ್ಲೇ ಬಿದ್ದಿತ್ತು. ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲದವಳು ನಾನು. ಆಗ ಬೈಯಲು ಒಬ್ಬ ಗುಮಾಸ್ತನಾದರೂ ಎದುರಿಗೆ ಕೂತಿರುತ್ತಿದ್ದ. ಈಗ ಬೈಗುಳ ಕೇಳಿಸಿಕೊಳ್ಳಲೂ ಮನುಷ್ಯರನ್ನು ಇಟ್ಟಿಲ್ಲ.

ಆದ್ದರಿಂದ ಸತ್ಯಾತ್ಮನಿಗೆ ಸಿಟ್ಟು ಬಂದದ್ದು ನ್ಯಾಯವೇ. ‘ವಿಡಮ್ಮಾ, ಬಿಟ್ಟುಬಿಡು, ಈ ಶನೀನೇ ಕಟ್ ಮಾಡಿಬಿಡೋಣ. ಯಾರು ಯೂಸ್ ಮಾಡ್ತಾ ಇದಾರೆ? ಮೊಬೈಲ್ ಡೇಟಾ ಪೋದುಂ, ಧಾರಾಳವಾಗಿ ಸಾಕು’ ಎಂದ. ಅವಳ ಕೆಲಸ ಅದರ ಮೇಲಿದೆ, ಅವಳನ್ನು ಕೇಳದೆ ಮಾಡಬೇಡ ಎಂದೆ. ‘ಕೇಳ್ತೀನಿ ಕೇಳ್ತೀನಿ’ ಎಂದ. ಜೂನ್ ಕೊನೆಗೆ ಒಬ್ಬ ಬಂದು, ‘ಸಾರ್ ಸೊಲ್ಲಿಟ್ಟಾರ್ ಅಮ್ಮಾ’, ಸಾಹೇಬರು ಹೇಳಿಯಾಗಿದೆ ಎಂದು ಡಬ್ಬಿ ಬಿಚ್ಚಿಕೊಂಡು ಹೋದ. ನಿನ್ನ ಒಪ್ಪಿಗೆ ಸಿಕ್ಕಿರಬೇಕೆಂದು ನಾನಿಲ್ಲಿ ತಿಳಿದೆ. ಅತ್ತೆಯ ಅಪ್ಪಣೆಯಾಗಿದೆ ಎಂದು ನೀನಲ್ಲಿ ತಿಳಿದೆ.

ಮೊಬೈಲ್ ಡೇಟಾ ಸಾಲುತ್ತದೆಯೋ ಇಲ್ಲವೋ ಎಂದು ನಾನೂ ನೋಡಿದೆ. ಪರೀಕ್ಷಿಸದೆ ಬಾಯಿ ಬಿಡಬಾರದಲ್ಲ. ಮೊದಲು ನಾನು ಮಡಿಯಲ್ಲಿ ಅಡುಗೆ ಮಾಡುವಾಗ ಹಾಲಿನ ಟಿವಿಯಲ್ಲಿ ಪ್ರವಚನ ತನ್ನಷ್ಟಕ್ಕೆ ನಡೆಯುತ್ತಿತ್ತು. ಈಗ ಅದು ಮೊಬೈಲಿಗೆ ಬಂದಿದೆ. ಊರೆಲ್ಲ ಸುತ್ತಿ ಬಂದ ಫೋನನ್ನು ಮಡಿಯಲ್ಲಿ ಮುಟ್ಟಲಾರೆ, ಆದ್ದರಿಂದ ನಡುವೆ ಬರುವ ಒಳಉಡುಪಿನ ಜಾಹೀರಾತನ್ನೂ ಭಕ್ತಿಯಿಂದಲೇ ಕೇಳಬೇಕು. ‘ಅನ್‌ಲಿಮಿಟೆಡ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯುತ್ತದೆ. ಮಿತಿಯಿಲ್ಲದ್ದಕ್ಕೆ ದಿನಕ್ಕಿಷ್ಟೇ ಎಂದು ಮಿತಿ ಹಾಕಿ ಮಾರುವವರನ್ನು ಈ ದೇಶದಲ್ಲಿ ಯಾರೂ ಏನೂ ಕೇಳುವುದಿಲ್ಲ. ಇನ್ನು ಸತ್ಯಾತ್ಮನ ಹಾಟ್‌ಸ್ಪಾಟು. ಅವನು ಲಿಫ್ಟ್ ಇಳಿಯುತ್ತಿದ್ದಂತೆ ನಮ್ಮ ಮನೆಯ ನೆಟ್ಟು ಅವನ ಜೇಬಿನಲ್ಲಿ ಕೂತು ಪೆರುಂಗುಡಿಯ ಆಫೀಸಿಗೆ ಹೊರಟುಹೋಗುತ್ತದೆ. ಸಂಜೆ ಅವನು ಚಪ್ಪಲಿ ಬಿಟ್ಟಾಗ ಮನೆಗೆ ಬರುತ್ತದೆ. ಮನೆಗೆ ಸೇರಿದ್ದು ಮನೆಯ ಗಂಡಸಿಗೆ ಸೇರಿತು, ಅಷ್ಟೇ ಆದದ್ದು.

ನಿನ್ನ ಕೆಲಸ ಏನೆಂದು ನನಗೆ ತಿಳಿಯದು ಎಂದು ಅವನ ಲೆಕ್ಕ. ಬೇರೆ ದೇಶದ ಆಸ್ಪತ್ರೆಗಳ ಕಾಗದ ಓದಿ, ಯಾವ ರೋಗ, ಯಾವ ಚಿಕಿತ್ಸೆ ಎಂದು ಗುರುತಿಸಿ, ಪ್ರತಿಯೊಂದಕ್ಕೂ ಗೊತ್ತುಮಾಡಿದ ಸಂಖ್ಯೆ ಹಾಕುವುದು. ಸಂಖ್ಯೆ ತಪ್ಪಿದರೆ ಯಾರಿಗೋ ವಿಮೆಯ ಹಣ ತಪ್ಪುತ್ತದೆ. ನೀನೇ ಹೇಳಿಕೊಟ್ಟದ್ದು, ಹುರುಳಿಕಾಯಿಯ ನಾರು ಬಿಡಿಸುತ್ತಾ. ರೋಗಿಗಳ ಗುಟ್ಟು ಹೊರಹೋಗಬಾರದೆಂದು ಕಂಪನಿಯ ಲ್ಯಾಪ್‌ಟಾಪು ಮನೆಯ ತಂತಿಯ ನೆಟ್ಟಿಗೆ ಮಾತ್ರ ತೆರೆಯುತ್ತದೆ, ಹಾಟ್‌ಸ್ಪಾಟ್ ಕೊಟ್ಟರೆ ಮುಚ್ಚಿಕೊಳ್ಳುತ್ತದೆ ಎಂಬುದೂ ನೀನೇ ಹೇಳಿದ್ದು. ನನಗೆ ನೆನಪಿರುವುದು ಅವನಿಗೆ ಮರೆತಿದೆಯೇ? ಮರೆತಿಲ್ಲ. ದಸರೆಯ ಹೊತ್ತಿಗೆ ನೀನು ಕೆಲಸಕ್ಕೆ ಮರಳಬೇಕೆಂಬುದೂ ಗೊತ್ತು. ಕೆಲಸ ಬಿಡು ಎಂದು ಹೇಳುವ ಧೈರ್ಯವಿಲ್ಲದವನು, ನೀನು ತವರಿಗೆ ಹೋಗಿರುವ ಸಮಯ ನೋಡಿ ತಂತಿಯನ್ನು ಬಿಡಿಸಿದ. ನಿನ್ನ ಮೇಜನ್ನು ಮಡಚಿ ಬಾಲ್ಕನಿಯಲ್ಲಿ ನಿಲ್ಲಿಸಿ, ಹಾಲಿನ ಆ ಮೂಲೆಗೆ ತೊಟ್ಟಿಲು ತಂದಿಟ್ಟಿದ್ದಾನೆ. ‘ಎಷ್ಟು ಮುದ್ದಾಗಿದೆ ನೋಡಮ್ಮಾ’ ಎಂದ. ಮುದ್ದಾಗಿಯೇ ಇದೆ. ಅದಕ್ಕೇ ಯಾರೂ ಏನೂ ಅನ್ನುವಂತಿಲ್ಲ.

ನಿನಗೆ ಒಂದು ಹಳೆಯ ಸಂಗತಿ ಹೇಳಬೇಕು. ನಾನು ಮದುವೆಯಾಗಿ ತಿರುವಲ್ಲಿಕ್ಕೇಣಿಯ ಮನೆಗೆ ಬಂದ ಹೊಸತರಲ್ಲಿ ಮೌಂಟ್ ರೋಡಿನ ಹಿಂದೆ ಒಂದು ಅಚ್ಚುಕೂಟವಿತ್ತು. ಕನ್ನಡ ಪುಸ್ತಕ ಅಚ್ಚು ಮಾಡುತ್ತಿದ್ದರು. ಅವರು ಕಳಿಸಿದ ಕರಡನ್ನು ನಾನು ಮನೆಯಲ್ಲೇ ತಿದ್ದಿ ಕೊಡುತ್ತಿದ್ದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ನೆಲದ ಮೇಲೆ ಹಾಳೆ ಹರಡಿಕೊಂಡು ಕೂರುವ ಆ ಹೊತ್ತು ಇಡೀ ದಿನದಲ್ಲಿ ನನ್ನದಾಗಿತ್ತು. ನಮ್ಮ ಮಾವನವರಿಗೆ, ವಿಷ್ಣುತೀರ್ಥರಿಗೆ, ಇದು ಸೇರುತ್ತಿರಲಿಲ್ಲ. ಬಾಯಿಬಿಟ್ಟು ಬೇಡ ಎಂದೂ ಅನ್ನುತ್ತಿರಲಿಲ್ಲ. ಮನೆಗೆ ಟೆಲಿಫೋನ್ ಬಂತು. ಬಂದ ವಾರವೇ ಅದರ ತಿರುಗುವ ಚಕ್ರಕ್ಕೆ ಒಂದು ಸಣ್ಣ ಹಿತ್ತಾಳೆ ಬೀಗ ಬಿತ್ತು. ಆಗ ಬಹಳ ಮನೆಗಳಲ್ಲಿ ಹಾಗಿತ್ತು. ಕರೆ ಬರಬಹುದು, ಮಾಡುವಂತಿಲ್ಲ. ಬೀಗದ ಕೈ ಮಾವನವರ ಜನಿವಾರದಲ್ಲಿ. ಬಂದ ಕರೆ ಎತ್ತುವವರೂ ಅವರೇ.

ಒಮ್ಮೆ ಕರಡು ಬರುವುದು ನಿಂತುಹೋಯಿತು. ಕಾದೆ. ಕೊನೆಗೆ ಸಂಕೋಚ ಬಿಟ್ಟು ಬಸ್ಸು ಹತ್ತಿ ಹೋದೆ. ಅಚ್ಚುಕೂಟದ ಯಜಮಾನರು ನನ್ನನ್ನು ನೋಡಿ ಎದ್ದು ನಿಂತರು. ‘ನೀವೇ ಬೇಡ ಅಂದಿರಂತಲ್ಲಮ್ಮಾ? ಸೊಸೆಗೆ ಇಷ್ಟ ಇಲ್ಲ, ಇನ್ನು ಕಳಿಸಬೇಡಿ ಅಂತ ನಿಮ್ಮ ಮಾವನವರು ಫೋನಿನಲ್ಲಿ ಹೇಳಿದ್ರು. ಬೇರೆಯವರಿಗೆ ಕೊಟ್ಟುಬಿಟ್ಟೆ’ ಎಂದರು. ಮನೆಗೆ ಬಂದು ನಮ್ಮವರಿಗೆ, ನಿನ್ನ ಮಾವನವರಿಗೆ, ಹೇಳಿದೆ. ಅವರು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಹಾಕಿಕೊಂಡು ಹೊರಟರು. ಅವರು ತೀರಿಕೊಂಡು ಇಷ್ಟು ವರ್ಷವಾದ ಮೇಲೂ ನನ್ನ ಕಿವಿಯಲ್ಲಿ ಅವರ ದನಿಗಿಂತ ಆ ಚಪ್ಪಲಿಯ ಸದ್ದು ಸ್ಪಷ್ಟವಾಗಿದೆ.

ಒಂದು ಆಯುಸ್ಸಿನಲ್ಲಿ ಎರಡು ಸಲ ನನ್ನ ಹೆಸರಿನಲ್ಲಿ ಬೇರೆಯವರು ಬೇಡ ಅಂದಿದ್ದಾರೆ. ಮೊದಲ ಸಲ ನನ್ನ ಕೆಲಸಕ್ಕೆ, ಈ ಸಲ ನಿನ್ನ ಕೆಲಸಕ್ಕೆ.

ಶುಕ್ರವಾರ ಬೆಳಿಗ್ಗೆ ಸತ್ಯಾತ್ಮನ ತಟ್ಟೆಗೆ ದೋಸೆ ಹಾಕಿ ಕೇಳಿದೆ. ಅವನಿಗೆ ಮುಜುಗರವೂ ಆಗಲಿಲ್ಲ. ‘ಅಯ್ಯೋ, ಅದಾ? ಅಮ್ಮ ಬೇಡ ಅಂದಳು ಅಂತ ಸುಮ್ನೆ ಒಂದು ಮಾತು ಅಂದೆ. ನಾನು ಬೇಡ ಅಂದ್ರೆ ಜಗಳಕ್ಕೆ ಬರ್ತಾಳೆ, ನೀನು ಅಂದ್ರೆ ಸುಮ್ನಾಗ್ತಾಳೆ. ಮನೇಲಿ ಪೀಸ್‌ಫುಲ್ಲಾಗಿ ಇರತ್ತೆ ಅಲ್ವಾ?’ ನನ್ನ ಹೆಸರನ್ನು ನಿನಗೆ ಎರವಲು ಕೊಟ್ಟವರು ಯಾರೋ ಎಂದೆ. ‘ಇದನ್ನೂ ಪೇಪರಿಗೆ ಬರಿ, ಎಡಿಟರ್ ಕಾಯ್ತಾ ಇರ್ತಾನೆ’ ಎಂದು, ನಾನು ಆಗಾಗ ವಾಚಕರ ವಾಣಿಗೆ ಬರೆಯುವುದನ್ನು ಆಡಿಕೊಂಡು ನಕ್ಕ. ಕೈ ತೊಳೆದು ಬಂದು, ‘ಹೇಗಿದ್ರೂ ಮಗೂನ ಯಾರು ಪಾತ್ತುಕೊಳ್ಳೋದು, ನೋಡಿಕೊಳ್ಳೋದು? ನಿನ್ನ ಕೈಲಿ ಆಗತ್ತಾ ಈ ವಯಸ್ಸಲ್ಲಿ?’ ಎಂದ. ಆದಷ್ಟು ದಿನ ನಾನು, ಆಗದ ದಿನ ಅಪ್ಪ ಎನಿಸಿಕೊಂಡವನು ಎಂದೆ. ಅಷ್ಟರಲ್ಲಿ ಅವನ ಲಿಫ್ಟು ಬಂದಿತ್ತು.

ನಿನ್ನ ಗಂಡ ಕೆಟ್ಟವನಲ್ಲ, ಅದೇ ನನ್ನ ಸಂಕಟ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಪುಟ್ಟಿಯ ಫೋಟೋ ಆಫೀಸಿನವರಿಗೆಲ್ಲ ತೋರಿಸುತ್ತಾನಂತೆ. ಅವನ ತಾತನೂ ಕೂಗಾಡಿದವರಲ್ಲ. ಈ ಮನೆಯ ಗಂಡಸರು ದನಿ ಎತ್ತದೆ ಬೀಗ ಹಾಕುತ್ತಾರೆ. ಬೀಗವೊಂದು ಬದಲಾಗಿದೆ, ಈಗ ಅದಕ್ಕೆ ಮಿತವ್ಯಯ ಎಂದು ಹೆಸರು.

ಇನ್ನು ನಿನಗೆ ಬಿಟ್ಟದ್ದು. ಆ ಕೆಲಸ ನಿನಗೇ ಸಾಕಾಗಿದ್ದರೆ, ಪುಟ್ಟಿಯ ಜೊತೆಗೇ ಇರಬೇಕೆನಿಸಿದ್ದರೆ, ರಾಜೀನಾಮೆ ಕಳಿಸು. ನಾನು ಒಂದು ಮಾತೂ ಆಡುವುದಿಲ್ಲ. ಆದರೆ ನನ್ನ ಮೇಲಿನ ಗೌರವಕ್ಕಾಗಿ, ನಿನ್ನ ಗಂಡನ ನೆಮ್ಮದಿಗಾಗಿ ಕಳಿಸಬೇಡ. ನಾನು ಆಡದ ಮಾತಿಗೆ ನೀನು ತಲೆಬಾಗಿದರೆ ಅದು ನನಗೆ ಗೌರವವಲ್ಲ.

ನಿಮ್ಮಪ್ಪನವರಿಗೂ ಜಯಲಕ್ಷ್ಮಮ್ಮನವರಿಗೂ ನನ್ನ ನಮಸ್ಕಾರ ತಿಳಿಸು. ಮುಚ್ಚಿಡದೆ ಹೇಳಿದ್ದಕ್ಕೆ ನಿಮ್ಮಮ್ಮನಿಗೆ ನಾನು ಋಣಿ. ಪುಟ್ಟಿಯ ಕಿವಿಗೆ ಗಾಳಿ ಹೋಗದಂತೆ ನೋಡಿಕೋ. ರಾಯರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ದಾರಿ ಕಾಯುತ್ತಿರುವ ಅತ್ತೆ,
ನೀರಜಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬೆಲ್ಲಾಯಿತು. ತಂತಿ ಹಾಕುವವರು ಬರುತ್ತಾರೋ ಇಲ್ಲವೋ ಎಂದು ಈ ಸಂಗತಿಯನ್ನು ಮೇಲೆ ಬರೆದಿರಲಿಲ್ಲ. ಶುಕ್ರವಾರ ಅವನು ಹೋದ ಮೇಲೆ ಸ್ಟೇಷನ್ ಹತ್ತಿರದ ಬೇರೆ ಕಂಪನಿಯ ಅಂಗಡಿಗೆ ನಡೆದು ಹೋಗಿ, ನನ್ನ ಆಧಾರ್ ಕೊಟ್ಟು, ನನ್ನ ಹೆಸರಿನಲ್ಲಿ ಬ್ರಾಡ್‌ಬ್ಯಾಂಡಿಗೆ ಬರೆಸಿ ಬಂದಿದ್ದೆ. ಅವತ್ತು ಮಾತಾಡದ ನಿನ್ನ ಮಾವನವರ ಪೆನ್ಷನ್ನು ಕೊನೆಗೂ ಒಂದು ಮಾತಾಡಿತು. ತಂತಿ ಎಳೆಯಲು ಬಂದವನು ಡಬ್ಬಿ ಎಲ್ಲಿ ಹಾಕಲಿ ಎಂದ. ದೇವರ ಮನೆಯಲ್ಲಿ ಎಂದೆ. ‘ಪೂಜೆ ರೂಮ್‌ಲಯಾ ಅಮ್ಮಾ? ನಾನ್ ಉಳ್ಳೆ ವರಲಾಮಾ?’ ಎಂದು, ಒಳಗೆ ಬರಬಹುದೇ ಎಂದು ಅವನೇ ಹಿಂಜರಿದ. ಸ್ನಾನವಾಗದೆ ಹೆತ್ತ ಮಗನನ್ನೂ ಆ ಹೊಸ್ತಿಲು ದಾಟಿಸದ ನಾನು ಅವನನ್ನು ಒಳಗೆ ಕರೆದೆ. ಏಣಿ ಹಾಕಿ, ಗೋಡೆ ಕೊರೆದು, ರಾಯರ ಪಟದ ಪಕ್ಕದಲ್ಲಿ ಎತ್ತರಕ್ಕೆ ಕೂರಿಸಿ ಹೋಗಿದ್ದಾನೆ. ಆಮೇಲೆ ನೆಲ ತೊಳೆದೆ. ಇನ್ನು ಅದನ್ನು ಕೀಳಬೇಕಾದರೆ ಸತ್ಯಾತ್ಮ ತಲೆಗೆ ನೀರು ಹಾಕಿಕೊಂಡು, ಮಡಿ ಉಟ್ಟು, ದೇವರೆದುರು ಏಣಿ ಹತ್ತಬೇಕು. ಅಷ್ಟು ಶ್ರದ್ಧೆ ಅವನಿಗಿಲ್ಲ. ಗೋಡೆಯ ಆಚೆ ನನ್ನ ಕೋಣೆ. ತಂತಿಯ ತುದಿ ಅಲ್ಲಿಗೆ ಬಂದಿದೆ, ನಿನ್ನ ಮೇಜನ್ನೂ ಅಲ್ಲೇ ಬಿಡಿಸಿಟ್ಟಿದ್ದೇನೆ. ಪಾಸ್‌ವರ್ಡ್ ನೀನು ಬಂದ ದಿನ ಕಿವಿಯಲ್ಲಿ ಹೇಳುತ್ತೇನೆ. ನಿನ್ನ ಗಂಡ ಕೇಳಿದರೆ ಕೊಡಬೇಡ. ‘ನಿಮ್ಮಮ್ಮ ಬೇಡ ಅಂದ್ರು’ ಎನ್ನು. ಈ ಸಲ ಆ ಮಾತು ನನ್ನದೇ.