ಮುಚ್ಚಿಕೊಂಡ ಕಪ್ಪು ಕಿಟಕಿ

ಮಾರ್ಚ್ 3, ರಾತ್ರಿ 11.40

…ಅದೂ ಸಾಲದು ಅಂತ ಆಫೀಸಿನೋರು ಹಳೇ ಲ್ಯಾಪ್‌ಟಾಪ್ ಕಿತ್ಕೊಂಡು ಹೊಸದು ಕೈಗಿಟ್ರು. ಟರ್ಮಿನಲ್, ಅಂದ್ರೆ ಆಜ್ಞೆ ಟೈಪ್ ಮಾಡೋ ಆ ಕಪ್ಪು ಕಿಟಕಿ, ಅದರ ಸೆಟ್ಟಿಂಗ್ಸ್ ಮತ್ತೆ ಕೂರಿಸೋದರಲ್ಲೇ ದಿನ ಹೋಯ್ತು. ಬೆರಳು ಸೋತಿವೆ, ಡೈರಿನ ಫೋನಿಗೆ ಬಾಯಲ್ಲೇ ಹೇಳ್ತಿದ್ದೀನಿ. ಮೆಲ್ಲಗೆ—ಗೋಡೆಯಾಚೆ ಪಕ್ಕದ ರೂಮಿನ ನರ್ಸಮ್ಮ ಮಲಗಿದ್ದಾರೆ.

ನಾನಿರೋ ದೇಶದ ಗಡಿಯಾರ ಊರಿಗಿಂತ ನಾಲ್ಕೂವರೆ ಗಂಟೆ ಹಿಂದೆ. ಆದ್ರೂ ಊರಲ್ಲಿರೋ ಅಕ್ಕನಿಗೂ ನನಗೂ ಒಂದೇ ಸೆಟ್ಟಿಂಗ್ಸ್ ಫೋಲ್ಡರು. ಅವಳೂ ಕೋಡ್ ಬರೆಯೋಳೇ. ಎರಡು ವರ್ಷದಿಂದ ಕಣ್ಣಿಲ್ಲ. ಕಪ್ಪು ಕಿಟಕಿಯಲ್ಲಿ ಬಂದದ್ದನ್ನೆಲ್ಲ ಓದಿ ಹೇಳೋ ಏರ್ಪಾಡು ನನ್ನದೇ. ನಾನಿಲ್ಲಿ ತಿದ್ದಿದರೆ ಅವಳು ಕಿಟಕಿ ತೆರೆದಾಗ ಅಲ್ಲೂ ಬದಲಾಗುತ್ತೆ.

ಹೊಸ ಮಷೀನಿಗಂತ ಒಂದು ಸಾಲು ಸೇರಿಸಿದೆ. ಕಳಿಸಿದೆ. ನಿದ್ದೆ.

ಮಾರ್ಚ್ 4, ಬೆಳಿಗ್ಗೆ 5.50

ಅಕ್ಕ ಫೋನ್ ಮಾಡಿ ಎಬ್ಬಿಸಿದಳು. "ತೆರೀತು ಅನ್ನೋಷ್ಟರಲ್ಲಿ ಮುಚ್ಕೊಳ್ತಿದೆ ಕಣೋ. ಏನು ಮಾಡಿಟ್ಟೆ?"

'ಹೊಸ ಮಷೀನ್ ಅಲ್ಲದಿದ್ರೆ ಬಿಟ್ಟು ಮುಂದೆ ಹೋಗು' ಅನ್ನೋ ಕಡೆ 'ಮುಚ್ಚಿಕೋ' ಅಂತ ಬರೆದಿದ್ದೆ. ಸರಿ ಮಾಡಿ ಕಳಿಸಿದೆ. ಆದ್ರೆ ಸರಿ ಮಾಡಿದ್ದನ್ನ ಅವಳ ಕಂಪ್ಯೂಟರಿಗೆ ಎಳೆದುಕೊಳ್ಳೋ ಸಾಲು ಇರೋದು ಅದರ ಕೆಳಗೆ… ಅಲ್ಲಿಗೆ ತಲುಪೋ ಮೊದಲೇ ಮುಚ್ಚಿಕೊಳ್ಳುತ್ತೆ.

ಏಳನೇ ತಾರೀಕು ಶುಕ್ರವಾರ, ಅಲ್ಲಿಯ ಮಧ್ಯಾಹ್ನ ಹನ್ನೆರಡಕ್ಕೆ ಅವಳು ಕಂಪನಿ ಪರೀಕ್ಷೆಗಂತ ಕೊಟ್ಟ ಟ್ರಯಲ್ ಕೆಲಸ ಒಪ್ಪಿಸಬೇಕು. ಕಣ್ಣು ಹೋದ ಮೇಲೆ ಸಿಗ್ತಿರೋ ಮೊದಲ ನೌಕರಿ.

ಮಾರ್ಚ್ 4, ಮಧ್ಯಾಹ್ನ 2

ಆಫೀಸ್ ಮೆಟ್ಟಿಲ ಮೇಲಿದ್ದೀನಿ. ಸ್ಕ್ರೀನ್ ಕಾಣೋ ಹಾಗೆ ವಿಡಿಯೋ ಕಾಲ್ ಮಾಡು ಅಂದ್ರೆ ಅವಳ ಫೋನಿನ ಕ್ಯಾಮೆರಾ ಒಡೆದು ವರ್ಷ ಆಯ್ತಂತೆ—"ನನಗ್ಯಾಕೋ ಕ್ಯಾಮೆರಾ?" ಭಾವನದ್ದು ಬರೀ ಬಟನ್ ಫೋನು, ತನ್ನದನ್ನೇ ಅವರ ಕೈಗೆ ಕೊಟ್ಟಳು. ದೂರದ ಬಸ್ ಓಡಿಸೋ ಮನುಷ್ಯ, ಡ್ಯೂಟಿ ಬಟ್ಟೆ ಹಾಕ್ಕೊಂಡೇ ಕೂತರು.

"ನೀನು ಹೇಳಿದ ಫೈಲು ಇಲ್ಲಪ್ಪಾ."

"ಇದೆ ಭಾವ. ಕಾಣದ ಹಾಗೆ ಬಚ್ಚಿಟ್ಟಿರುತ್ತೆ."

"ಕಣ್ಣಿಲ್ಲದೋಳ ಕಂಪ್ಯೂಟರಲ್ಲಿ ಬಚ್ಚಿಟ್ಟಿದ್ದು ಯಾರಿಂದ?"

ಅಕ್ಕ ಹಿಂದಿನಿಂದ ನಕ್ಕಳು. ಕೊನೆಗೂ ಸಿಕ್ತು. "ಆ ಸಾಲು ಅಳಿಸಿ" ಅಂದೆ. ಇಡೀ ಫೈಲೇ ಅಳಿಸಿ ಸೇವ್ ಮಾಡಿಬಿಟ್ಟರು. ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೂ ಹೋದರು.

ಈಗ ಕಿಟಕಿ ತೆರೆಯುತ್ತೆ. ಮಾತಾಡಲ್ಲ. ಓದಿ ಹೇಳೋ ಏರ್ಪಾಡೂ ಆ ಫೈಲಲ್ಲೇ ಇತ್ತು.

ಮಾರ್ಚ್ 6, ರಾತ್ರಿ 8.30

ಎರಡು ದಿನದಿಂದ ಅದೇ. ಆ ಫೈಲ್ ಮತ್ತೆ ತರಿಸೋಕೆ ಫೋನಲ್ಲಿ ಒಂದೊಂದೇ ಅಕ್ಷರ ಹೇಳ್ತೀನಿ, ಅವಳು ಒತ್ತುತ್ತಾಳೆ. ಕೀಬೋರ್ಡ್ ನೋಡದೆ ಟೈಪ್ ಮಾಡೋದು ನನಗೆ ಕಲಿಸಿದ್ದೇ ಅವಳು.

"ಎಂಟರ್ ಒತ್ತಿದೆ."

"ಏನು ಬಂತು?"

"ನನ್ನ ಕೇಳ್ತೀಯಲ್ಲೋ, ಕತ್ತೆ!"

ಇಬ್ಬರೂ ನಕ್ವಿ. ಪಾಸ್‌ವರ್ಡ್ ಕೇಳ್ತಿದೆಯೋ, ತಪ್ಪು ಅಂತಿದೆಯೋ, ನನಗೂ ಕಾಣಲ್ಲ.

ಪಕ್ಕದ ಮನೆಯವರನ್ನ ಕರಿ ಅಂದೆ. "ನನ್ನ ಕೈಲಾಗಲ್ಲ ಅಂತ ಊರೆಲ್ಲ ಸಾರಬೇಕಾ?" ಅಂದಳು. ಕೋಪ ಇರಲಿಲ್ಲ ದನಿಯಲ್ಲಿ. ಇದ್ದಿದ್ರೆ ಚೆನ್ನಾಗಿತ್ತು.

"ಬೆಳಗಾದ್ರೆ ನಿಮ್ಮ ಭಾವ ಬಂದು ಓದಿ ಹೇಳ್ತಾರೆ. ಬಸ್ಸು ಸರಿಯಾದ ಹೊತ್ತಿಗೆ ಬಂದ್ರೆ ಹತ್ತೂಕಾಲು. ಆಗ ಫೋನ್ ಮಾಡು. ಅಲ್ಲೀತನಕ ಆ ಫೋಲ್ಡರ್ ಮುಟ್ಟಬೇಡ, ನನ್ನಾಣೆ."

ಮುಟ್ಟಲ್ಲ. ಫೋಲ್ಡರ್ ತೆರೆದೇ ಇದೆ, ಕೈ ಕಟ್ಟಿ ಕೂತಿದ್ದೀನಿ.

ಅಲ್ಲಿ ಹತ್ತೂಕಾಲು. ಅಂದ್ರೆ ಇಲ್ಲಿ ಬೆಳಿಗ್ಗೆ ಐದೂಮುಕ್ಕಾಲಿಗೆ ಅಲಾರಂ ಇಟ್ಟಿದ್ದೀನಿ.